ಮೂರ್ನಾಡಿನಲ್ಲಿ ಇಳಿದ ಮೇಡಂಗೆ ಥ್ಯಾಂಕ್ಸ್

ಮಡಿಕೇರಿ–ವಿರಾಜಪೇಟೆ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಮೇಡಂ, ನಿಮ್ಮ ಹೆಸರು ಗೊತ್ತಿಲ್ಲ. ತುಂಬಾ ಥ್ಯಾಂಕ್ಸ್. ನನ್ನ ಕೈಯಲ್ಲಿ ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕ ನೋಡಿ ನೀವೇ ಮಾತಿಗೆ ಇಳಿದಿರಿ. ‘ಮಾಟಗಾತಿಯರು ಮ್ಯಾಕ್‌ಬೆತ್‌ಗೆ ನೀನು ರಾಜನಾಗ್ತೀಯ ಅಂದ್ರು. ರಾಜ ಡಂಕನ್‌ನನ್ನು ಕೊಲ್ಲು ಅಂತ ಎಲ್ಲಿ ಹೇಳಿದ್ರು, ತೋರಿಸಮ್ಮ’ ಅಂದಿರಿ. ಹುಡುಕಿದೆ. ಎಲ್ಲೂ ಇಲ್ಲ! ಮ್ಯಾಕ್‌ಬೆತ್ ಜೊತೆಗಿದ್ದ ಸೇನಾಪತಿ ಬ್ಯಾಂಕೋಗೂ ಭವಿಷ್ಯ ಹೇಳಿದ್ದರು, ಅವನ ವಂಶದವರು ರಾಜರಾಗ್ತಾರೆ ಅಂತ. ಆದರೂ ಅವನು ಯಾರನ್ನೂ ಕೊಲ್ಲಲು ಹೊರಡಲಿಲ್ಲ, ಅಲ್ವಾ? 1ನೇ ಅಂಕದ 7ನೇ ದೃಶ್ಯದಲ್ಲಂತೂ ಮ್ಯಾಕ್‌ಬೆತ್ ಕೊಲೆ ಬೇಡ ಅನ್ನುತ್ತಾನೆ. ಹೆಂಡತಿ ಹಂಗಿಸಿದ ಮೇಲೆ ಒಪ್ಪುತ್ತಾನೆ. ‘ವಿಧಿಯೋ, ಆಸೆಯೋ’ ಅನ್ನುವ ಪ್ರಬಂಧಕ್ಕೆ ಇಷ್ಟು ಸಾಕ್ಷಿ ಸಾಕು ಅಂದಿರಿ. ನನ್ನ ಗೈಡಿನಲ್ಲಿ ಬರೀ ಕಥೆಯ ಸಾರಾಂಶ, ಬಿಡಿ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು ಮೇಡಂ. ಬ್ಯಾಂಕೋನಿಂದಲೇ ಶುರು ಮಾಡಿದೆ.