ಮಗಳ ಉಸಿರಿಗೆ ಕಿವಿಗೊಟ್ಟವರಿಗೆ

ನಿನ್ನೆಗೆ ಮಗಳ ಎರಡನೇ ಆಪರೇಷನ್ ಆಗಿ 1 ವರ್ಷ. ಬೆಳಿಗ್ಗೆ ಅಂಗಳದಲ್ಲಿ ಬೆಕ್ಕಿನ ಮರಿಯ ಹಿಂದೆ ಓಡುತ್ತಿದ್ದಳು. ಎತ್ತಿಕೊಂಡು ಬೆನ್ನಿಗೆ ಕಿವಿ ಇಟ್ಟೆ. ಆ ಸೀಟಿಯ ಸದ್ದು ಇರಲಿಲ್ಲ.

ಹುಟ್ಟುವಾಗಲೇ ಅವಳ ಬಲ ಶ್ವಾಸಕೋಶದ ತುಂಬ ಗುಳ್ಳೆಗಳಿದ್ದವು. ಸೋಂಕು ಮರುಕಳಿಸುತ್ತಲೇ ಇದ್ದು, 5 ತಿಂಗಳಿಗೆ ಆ ಶ್ವಾಸಕೋಶವನ್ನೇ ಪೂರ್ತಿ ತೆಗೆಯಬೇಕಾಯಿತು. ಚೇತರಿಸಿಕೊಂಡು ಮೈಕೈ ತುಂಬಿಕೊಂಡಿದ್ದಳು. 10ನೇ ತಿಂಗಳಲ್ಲಿ ಹಾಲು ಕುಡಿಯುವಾಗ ಪಕ್ಕೆ ಒಳಕ್ಕೆ ಎಳೆಯತೊಡಗಿತು, ಉಸಿರಿಗೆ ಸೀಟಿ ಬಂತು. ಕಫ ಇರಬೇಕು ಅಂದುಕೊಂಡೆವು, ನೆಬುಲೈಸೇಷನ್‌ಗೂ ಇಳಿಯಲಿಲ್ಲ. ನಮ್ಮತ್ತೆ ಮಾತ್ರ "ಇದು ನೆಗಡಿ ಸದ್ದಲ್ಲ ಕಣೇ, ದೊಡ್ಡಾಸ್ಪತ್ರೆಗೆ ನಡಿ" ಅಂತ ಪಟ್ಟು ಹಿಡಿದರು. ಅತ್ತೆ, ಮೊದಲ ನಮಸ್ಕಾರ ನಿಮಗೆ.

ಸರ್ಜನ್ ಮೇಡಂ, ಸಿ.ಟಿ. ಸ್ಕ್ಯಾನ್ ಮತ್ತು ಬ್ರಾಂಕೋಸ್ಕೋಪಿ (ಉಸಿರುನಾಳದೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ) ಆದ ಸಂಜೆ ನೀವು ಹಾಳೆಯ ಹಿಂದೆ ಬರೆದು ತೋರಿಸಿದ ಚಿತ್ರ ಇನ್ನೂ ನನ್ನ ಫೈಲಿನಲ್ಲಿದೆ. ಬಲಗಡೆ ಖಾಲಿಯಾದ ಜಾಗಕ್ಕೆ ಹೃದಯ ಸರಿದು ತಿರುಗಿಕೊಂಡಿತ್ತು. ಉಳಿದ ಶ್ವಾಸಕೋಶವೂ ಉಬ್ಬಿ ಅತ್ತಲೇ ವಾಲಿತ್ತು. ಆ ಎಳೆತಕ್ಕೆ ಎಡಗಡೆಯ ಉಸಿರುನಾಳ ಮುಂದಿನ ರಕ್ತನಾಳಕ್ಕೂ ಹಿಂದಿನ ಬೆನ್ನುಮೂಳೆಗೂ ನಡುವೆ ಸಿಕ್ಕಿ ಚಪ್ಪಟೆಯಾಗಿತ್ತು. ಇದ್ದ ಒಂದೇ ದಾರಿ ಅದು. ನೀವು ಹೆದರಿಸಲಿಲ್ಲ, ಸುಳ್ಳು ಧೈರ್ಯವನ್ನೂ ಹೇಳಲಿಲ್ಲ.

ಹಳೆಯ ಗಾಯದ ಅಂಟು ಬಿಡಿಸಿ, ಹೃದಯವನ್ನು ನಡುವಿಗೆ ತಂದು, ಖಾಲಿ ಜಾಗದಲ್ಲಿ ಸಲೈನ್ ತುಂಬಿದ ಮೆತ್ತನೆಯ ಚೀಲ ಇಟ್ಟಿರಿ. ಹೆಚ್ಚು ತುಂಬಿದರೆ ಹೃದಯವೇ ಒತ್ತಿಹೋಗುತ್ತದಂತೆ. ಅದಕ್ಕೇ ಬಿ.ಪಿ. ನೋಡಿಕೊಂಡು ಚೂರುಚೂರೇ ತುಂಬಿಸಿದಿರಿ. ಅಷ್ಟು ಹೊತ್ತೂ ಆ ಪುಟ್ಟ ಉಸಿರನ್ನು ಹಿಡಿದಿದ್ದ ಅರಿವಳಿಕೆ ಡಾಕ್ಟರ ಮುಖವನ್ನೂ ನಾನು ಸರಿಯಾಗಿ ನೋಡಲಿಲ್ಲ. ಸರ್, ನಿಮಗೆ ಕೈಮುಗಿದು ವಂದನೆ.

ಐಸಿಯು ಸಿಸ್ಟರ್‌ಗಳೇ, ವೆಂಟಿಲೇಟರ್ ತೆಗೆದ ರಾತ್ರಿ ನನ್ನನ್ನು ಕರೆದು "ಬನ್ನಿ ಅಮ್ಮಾ, ಅಳು ಕೇಳಿ" ಅಂದಿರಲ್ಲ, ಅದನ್ನು ಹೇಗೆ ಮರೆಯಲಿ? ರಕ್ತ ಕೊಟ್ಟ ಹುಡುಗರು, ಎದೆ ತಟ್ಟಿ ಕಫ ತೆಗೆಸಲು ಕಲಿಸಿದ ಫಿಸಿಯೋ ಅಕ್ಕ, ದೊಡ್ಡವನನ್ನು ತಿಂಗಳಿಡೀ ತಮ್ಮ ಮನೆಯಲ್ಲಿಟ್ಟುಕೊಂಡ ಪಕ್ಕದ ಮನೆಯವರು... ನಿಮ್ಮ ಋಣ ದೊಡ್ಡದು.

ಶ್ವಾಸಕೋಶ ತೆಗೆಸಿದ ಮಗುವಿಗೆ ತಿಂಗಳುಗಳ ನಂತರ ಉಸಿರಿನಲ್ಲಿ ಇಂಥ ಸೀಟಿ ಸದ್ದು ಶುರುವಾದರೆ, ದಯವಿಟ್ಟು ಕಾಯಬೇಡಿ. ಆಪರೇಷನ್ ಮಾಡಿದ ಡಾಕ್ಟರಿಗೇ ತೋರಿಸಿ.

ಅವಳು ಬೆಳೆದಂತೆ ಚೀಲಕ್ಕೆ ಸಲೈನ್ ಸೇರಿಸಬೇಕು. ಪಕ್ಕೆಯ ಚರ್ಮದಡಿ ಅದಕ್ಕೆಂದೇ ಸೂಜಿ ಚುಚ್ಚುವ ಒಂದು ಪುಟ್ಟ ಪೋರ್ಟ್ ಇದೆ. ಸ್ನಾನ ಮಾಡಿಸುವಾಗ ಅಲ್ಲಿ ಬೆರಳಿಟ್ಟು "ನೀಯು" ಅನ್ನುತ್ತಾಳೆ. ಮುಂದಿನ ತಿಂಗಳು ಚೆಕಪ್‌ಗೆ ಬರುತ್ತೇವೆ ಮೇಡಂ, ಈ ಸಲ ಅವಳೇ ನಡೆದು ಬರುತ್ತಾಳೆ.