ಜೇನು, ಕಡಜ ಕಚ್ಚಿದಾಗ ಕಾಣಿಸಿಕೊಳ್ಳುವ ಅಲರ್ಜಿಯ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಶಾಲೆಯ ಹಿಂಬದಿಯ ಆಲದ ಮರಕ್ಕೆ ಈ ವರ್ಷವೂ ಹೆಜ್ಜೇನು ಬಂದು ಕೂತಿರುವುದನ್ನು ನಿಮ್ಮಲ್ಲಿ ಹಲವರು ಗಮನಿಸಿದ್ದೀರಿ. ನುರಿತವರನ್ನು ಕರೆಸಿ ರಾತ್ರಿ ವೇಳೆಯಲ್ಲಿ ಗೂಡು ತೆಗೆಸಲು ಶಾಲಾಭಿವೃದ್ಧಿ ಸಮಿತಿಯು ತೀರ್ಮಾನಿಸಿದ್ದು, ಅಲ್ಲಿಯವರೆಗೆ ಮಕ್ಕಳು ಆ ಕಡೆ ಸುಳಿಯದಂತೆ ಹಗ್ಗ ಕಟ್ಟಲಾಗಿದೆ. ಆದರೆ ಒಗ್ಗಿದ ಮರಕ್ಕೆ ವರ್ಷ ವರ್ಷವೂ ಮರಳುವುದು ಹೆಜ್ಜೇನಿನ ಸ್ವಭಾವ. ಕಡಜಗಳಂತೂ ಸೂರಿನಡಿ, ತೋಟದ ಬೇಲಿಯಲ್ಲಿ, ಎಲ್ಲೆಂದರಲ್ಲಿ ಗೂಡು ಕಟ್ಟುತ್ತವೆ. ಆದ್ದರಿಂದ ಕಚ್ಚಿದಾಗ ಏನನ್ನು ನೋಡಬೇಕು, ಏನು ಮಾಡಬೇಕು ಎಂಬುದು ಮನೆಯಲ್ಲಿಯೂ ತಿಳಿದಿರಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ಕಚ್ಚಿದ ಜಾಗದಲ್ಲಿ ಉರಿ, ಕೆಂಪು, ಬಾವು ಬರುವುದು ಸಹಜ. ಕೆಲವು ಮಕ್ಕಳಿಗೆ ಇಡೀ ಮುಂಗೈ ಊದಿಕೊಂಡು, ಎರಡನೆಯ ದಿನ ಇನ್ನಷ್ಟು ಹೆಚ್ಚಿ, ಇಳಿಯಲು ವಾರವೇ ಹಿಡಿಯಬಹುದು. ನೋಡಲು ಭಯವಾದರೂ ಸಾಮಾನ್ಯವಾಗಿ ಇದರಿಂದ ಜೀವಕ್ಕೆ ಅಪಾಯವಿಲ್ಲ. ಹೆದರಬೇಕಾದದ್ದು ಕಚ್ಚಿದ ಜಾಗದಿಂದ ದೂರದಲ್ಲಿ ಕಾಣಿಸುವ ಲಕ್ಷಣಗಳಿಗೆ. ಕಾಲಿಗೆ ಕಚ್ಚಿದ್ದರೂ ಮೈತುಂಬ ದದ್ದು ಏಳುವುದು, ತುಟಿ ಅಥವಾ ನಾಲಿಗೆ ಊದುವುದು, ದನಿ ಒಡೆಯುವುದು, ಉಸಿರಾಡುವಾಗ ಸುಯ್ ಎಂಬ ಸದ್ದು ಬರುವುದು, ಪದೇ ಪದೇ ವಾಂತಿಯಾಗುವುದು, ಮಗು ಬಿಳಿಚಿಕೊಂಡು ತಲೆ ತಿರುಗುತ್ತಿದೆ ಎನ್ನುವುದು ಇವೆಲ್ಲ ತೀವ್ರ ಅಲರ್ಜಿಯ ಸೂಚನೆಗಳು. ಇವು ಬಹುಮಟ್ಟಿಗೆ ಕಚ್ಚಿದ ಅರ್ಧ ಗಂಟೆಯೊಳಗೆ ಶುರುವಾಗುತ್ತವೆ. ಹಿಂದೊಮ್ಮೆ ಕಚ್ಚಿದಾಗ ಏನೂ ಆಗಿರಲಿಲ್ಲ ಎಂಬುದನ್ನೇ ಧೈರ್ಯವಾಗಿ ಇಟ್ಟುಕೊಳ್ಳುವಂತಿಲ್ಲ. ಆಗ ದೇಹವು ಆ ವಿಷದ ವಿರುದ್ಧ ಪ್ರತಿಕಾಯಗಳನ್ನು ಸಿದ್ಧಮಾಡಿಕೊಂಡು, ಮುಂದಿನ ಸಲ ಅತಿಯಾಗಿ ಪ್ರತಿಕ್ರಿಯಿಸುವುದೂ ಉಂಟು.

ಇಂಥ ಲಕ್ಷಣ ಕಂಡ ಕೂಡಲೇ 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ. ಇದಕ್ಕೆ ಮೊದಲ ಔಷಧ ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಮನೆಯಲ್ಲಿರುವ ಸಿಟ್ರಿಜಿನ್ ಮಾತ್ರೆ ತುರಿಕೆಯನ್ನು ತಗ್ಗಿಸೀತೇ ಹೊರತು, ಕಟ್ಟಿದ ಉಸಿರನ್ನಾಗಲಿ ಕುಸಿದ ರಕ್ತದೊತ್ತಡವನ್ನಾಗಲಿ ಸರಿಪಡಿಸದು. ಮಾತ್ರೆ ಕೊಟ್ಟು ಕಾದು ನೋಡೋಣ ಎಂದು ಕೂರಬೇಡಿ. ಮಗುವನ್ನು ನಡೆಸದೆ, ಎಬ್ಬಿಸಿ ನಿಲ್ಲಿಸದೆ, ಮಲಗಿಸಿ ಕಾಲುಗಳನ್ನು ಸ್ವಲ್ಪ ಎತ್ತರಿಸಿಡಿ. ಉಸಿರಾಡಲು ಕಷ್ಟವಾದರೆ ಮಾತ್ರ ಕಾಲು ಚಾಚಿ ಒರಗಿ ಕೂರಿಸಿ. ಒಮ್ಮೆ ಇಳಿದ ಲಕ್ಷಣಗಳು ಕೆಲವು ಗಂಟೆಗಳ ನಂತರ ಮರುಕಳಿಸಬಹುದಾದ್ದರಿಂದ, ಮಗು ಚೇತರಿಸಿಕೊಂಡಿತೆಂದು ವೈದ್ಯರು ಹೇಳುವ ಮೊದಲೇ ಮನೆಗೆ ಕರೆತರಬೇಡಿ.

ಜೇನಿನ ಮುಳ್ಳು ವಿಷದ ಚೀಲದ ಸಮೇತ ಚರ್ಮದಲ್ಲಿ ಉಳಿದು, ಹುಳು ಹಾರಿಹೋದ ಮೇಲೂ ವಿಷವನ್ನು ಒಳಕ್ಕೆ ಬಿಡುತ್ತಿರುತ್ತದೆ. ಉಗುರಿನಿಂದಲೋ ಚಿಮಟದಿಂದಲೋ, ಹೇಗಾದರೂ ಸರಿ, ತಕ್ಷಣ ಅದನ್ನು ತೆಗೆಯುವುದು ಮುಖ್ಯ. ಕಡಜ ಸಾಮಾನ್ಯವಾಗಿ ಮುಳ್ಳು ಬಿಡುವುದಿಲ್ಲ, ಆದರೆ ಮತ್ತೆ ಮತ್ತೆ ಕಚ್ಚಬಲ್ಲದು. ಸುಣ್ಣ ಹಚ್ಚುವುದು, ಕಬ್ಬಿಣ ಉಜ್ಜುವುದು ಹಿರಿಯರಿಂದ ಬಂದ ರೂಢಿಗಳೆಂಬುದನ್ನು ಬಲ್ಲೆ; ಆದರೂ ಸುಣ್ಣ ಮಕ್ಕಳ ಚರ್ಮವನ್ನು ಸುಡುತ್ತದೆ, ಅದನ್ನು ಹುಡುಕುವುದರಲ್ಲಿ ಹೊತ್ತೂ ಹೋಗುತ್ತದೆ. ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟರೆ ಸಾಕು.

ಹೆಜ್ಜೇನಿನ ಹಿಂಡು ಎರಗಿದರೆ ಮಾತು ಬೇರೆ. ಹತ್ತಾರು ಕಡೆ ಕಚ್ಚಿಸಿಕೊಂಡ ಮಗುವಿಗೆ ಅಲರ್ಜಿ ಇಲ್ಲದಿದ್ದರೂ ವಿಷದ ಪ್ರಮಾಣದಿಂದಲೇ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಆರಾಮಾಗಿ ಕಂಡರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಮುಖ ಮುಚ್ಚಿಕೊಂಡು ಓಡಿ ಕೋಣೆಯೊಳಗೆ ಸೇರಿ ಬಾಗಿಲು ಹಾಕಿಕೊಳ್ಳಲು ಮಕ್ಕಳಿಗೆ ಹೇಳಿಕೊಡುತ್ತಿದ್ದೇವೆ. ಗೂಡಿಗೆ ಕಲ್ಲು ಹೊಡೆಯಬಾರದೆಂದು ನೀವೂ ಹೇಳಿ. ನಮ್ಮ ಏಳನೆಯ ತರಗತಿಯವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ನಿಮ್ಮ ಮಗುವಿಗೆ ಹಿಂದೆ ಯಾವುದೇ ಹುಳು ಕಚ್ಚಿದಾಗ ಮೈತುಂಬ ದದ್ದು ಎದ್ದಿದ್ದರೆ, ಉಸಿರು ಕಟ್ಟಿದ್ದರೆ ಅಥವಾ ಎಚ್ಚರ ತಪ್ಪಿದ್ದರೆ ದಯವಿಟ್ಟು ಲಿಖಿತವಾಗಿ ತಿಳಿಸಿ, ಒಮ್ಮೆ ತಜ್ಞ ವೈದ್ಯರಿಗೂ ತೋರಿಸಿ. ಅಸ್ತಮಾ ಇರುವ ಮಕ್ಕಳ ವಿವರವೂ ನಮಗೆ ಬೇಕು, ಏಕೆಂದರೆ ಅವರಲ್ಲಿ ಉಸಿರಿನ ತೊಂದರೆ ಹೆಚ್ಚು ತೀವ್ರವಾಗಬಹುದು. ತುರ್ತು ಸಂದರ್ಭದಲ್ಲಿ ನಿಮ್ಮನ್ನು ಸಂಪರ್ಕಿಸಲು ಪ್ರಯತ್ನಿಸುತ್ತಲೇ ನಾವು ಮಗುವನ್ನು ಆಸ್ಪತ್ರೆಗೆ ಒಯ್ಯುತ್ತೇವೆ. ನಿಮ್ಮ ಬರವಿಗಾಗಿ ಶಾಲೆಯಲ್ಲಿ ಕಾಯುವುದಿಲ್ಲ. ಲಗತ್ತಿಸಿರುವ ಒಪ್ಪಿಗೆ ಪತ್ರದಲ್ಲಿ ಹಗಲು ಹೊತ್ತು ಸಿಗುವ ಎರಡು ದೂರವಾಣಿ ಸಂಖ್ಯೆಗಳನ್ನು ಬರೆದು, ಸಹಿ ಮಾಡಿ, ಸೋಮವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು