ರೈಲು ತಡವಾದರೆ ದುಡ್ಡು ವಾಪಸ್: ಆ ಪದ್ಧತಿ ನಮಗೂ ಬರಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ರೈಲು ತಡವಾದಾಗಲೆಲ್ಲ ‘ಬ್ರಿಟನ್ನಿನಲ್ಲಿ ಮಾಡಿದ ಹಾಗೆ ಖಾಸಗಿಯವರಿಗೆ ಕೊಟ್ಟುಬಿಡಲಿ, ಎಲ್ಲ ಸರಿಹೋಗುತ್ತೆ’ ಎನ್ನುವ ಮಾತು ಹಾಸನದಲ್ಲಿ ಕೇಳಿಬರುತ್ತದೆ. ಅಲ್ಲಿ ಏನನ್ನು ಯಾರಿಗೆ ಕೊಟ್ಟಿದ್ದರು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

1993ರ ಕಾಯ್ದೆಯಡಿ ಬ್ರಿಟಿಷ್ ರೈಲ್ ಸಂಸ್ಥೆಯನ್ನು ಹೋಳು ಮಾಡಿದರು. ಹಳಿ, ಸಿಗ್ನಲ್‌ಗಳು ರೈಲ್‌ಟ್ರ್ಯಾಕ್ ಎಂಬ ಕಂಪನಿಗೆ ಹೋದವು. ಬೋಗಿಗಳು ಏಂಜೆಲ್, ಎವರ್‌ಶೋಲ್ಟ್, ಪೋರ್ಟರ್‌ಬ್ರೂಕ್ ಎಂಬ ಮೂರು ಬಾಡಿಗೆ ಕಂಪನಿಗಳ ಪಾಲಾದವು. ಪ್ರಯಾಣಿಕರ ರೈಲು ಓಡಿಸುವ ಗುತ್ತಿಗೆಯನ್ನು 25 ಭಾಗ ಮಾಡಿ ಹಂಚಿದರು. ಹೀಗಾಗಿ ಬೋಗಿಗೆ ತನ್ನ ಬಣ್ಣ ಬಳಿದು ಹೆಸರು ಬರೆಸಿಕೊಂಡ ಕಂಪನಿಗೆ ಆ ಬೋಗಿಯೂ ಸ್ವಂತದ್ದಲ್ಲ, ಅದು ಓಡುವ ಹಳಿಯೂ ಸ್ವಂತದ್ದಲ್ಲ. ಪ್ರಯಾಣಿಕರ ಸಂಖ್ಯೆ ಮುಂದಿನ 25 ವರ್ಷಗಳಲ್ಲಿ ಎರಡು ಪಟ್ಟಿಗೂ ಮೀರಿ ಏರಿದ್ದು ನಿಜ. ಆದರೆ 2000ರ ಅಕ್ಟೋಬರ್‌ನಲ್ಲಿ ಹ್ಯಾಟ್‌ಫೀಲ್ಡ್ ಬಳಿ ಬಿರುಕುಬಿಟ್ಟಿದ್ದ ಹಳಿ ಒಡೆದು ನಾಲ್ವರು ಸತ್ತ ಮೇಲೆ ದೇಶದ ತುಂಬ ನೂರಾರು ಕಡೆ ವೇಗ ಇಳಿಸಬೇಕಾಯಿತು. ಮರುವರ್ಷವೇ ರೈಲ್‌ಟ್ರ್ಯಾಕ್ ಕುಸಿಯಿತು. 2002ರಲ್ಲಿ ಹಳಿಗಳನ್ನು ಲಾಭದ ಉದ್ದೇಶವಿಲ್ಲದ ನೆಟ್‌ವರ್ಕ್ ರೈಲ್ ಸಂಸ್ಥೆ ವಹಿಸಿಕೊಂಡಿತು.

ಗುತ್ತಿಗೆಯ ಹಣೆಬರಹ ತಿಳಿಯಲು ಲಂಡನ್–ಎಡಿನ್‌ಬರೋ ಮಾರ್ಗವೊಂದನ್ನು ನೋಡಿದರೆ ಸಾಕು. ಜಿಎನ್‌ಇಆರ್ ಕಂಪನಿ 2005ರಲ್ಲಿ ಹತ್ತು ವರ್ಷಕ್ಕೆ 130 ಕೋಟಿ ಪೌಂಡ್ ಕಟ್ಟುವುದಾಗಿ ಒಪ್ಪಿ, ಎರಡೇ ವರ್ಷದಲ್ಲಿ ಹೊರನಡೆಯಿತು. ನ್ಯಾಷನಲ್ ಎಕ್ಸ್‌ಪ್ರೆಸ್ ಅದಕ್ಕಿಂತ ಹೆಚ್ಚಿಗೆ, 140 ಕೋಟಿಗೆ ಕೂಗಿ 2009ರಲ್ಲಿ ಕೈಚೆಲ್ಲಿತು. ಆಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರವೇ ಓಡಿಸಿತು. 2015ರಲ್ಲಿ ಸ್ಟೇಜ್‌ಕೋಚ್ ಮತ್ತು ವರ್ಜಿನ್ ಸೇರಿ 330 ಕೋಟಿಗೆ ಹಿಡಿದವು. 2018ರ ಜೂನ್‌ನಲ್ಲಿ ಅವೂ ಹೋದವು. ಈಗ ಆ ರೈಲುಗಳು ಎಲ್‌ಎನ್‌ಇಆರ್ ಹೆಸರಿನಲ್ಲಿ ಸರ್ಕಾರದ ಕೈಯಲ್ಲಿವೆ. ಎಲ್ಲರೂ ಎಡವಿದ್ದು ಒಂದೇ ಕಡೆ. ಪ್ರಯಾಣಿಕರು ವರ್ಷವರ್ಷವೂ ಹೆಚ್ಚುತ್ತಲೇ ಹೋಗುತ್ತಾರೆಂದು ಲೆಕ್ಕ ಹಾಕಿ ಟೆಂಡರ್ ಕೂಗಿದ್ದರು. 2024ರ ಕಾಯ್ದೆಯ ಪ್ರಕಾರ ಗುತ್ತಿಗೆ ಮುಗಿದಂತೆಲ್ಲ ಉಳಿದ ಕಂಪನಿಗಳೂ ಸರ್ಕಾರಕ್ಕೆ ಬರುತ್ತಿವೆ. ನಮ್ಮ ನೈಋತ್ಯ ರೈಲ್ವೆಯ ಹೆಸರನ್ನೇ ಹೊತ್ತ ಅಲ್ಲಿನ ಸೌತ್ ವೆಸ್ಟರ್ನ್ ರೈಲ್ವೆ 2025ರ ಮೇ 25ರಂದು ಮೊದಲು ಬಂತು.

ಇನ್ನು ತಪ್ಪು ಹೊರಿಸುವ ವ್ಯವಸ್ಥೆ. ಅಲ್ಲಿ ಮೂರು ನಿಮಿಷ ಅಥವಾ ಅದಕ್ಕಿಂತ ಹೆಚ್ಚಿನ ಪ್ರತಿ ತಡಕ್ಕೂ ಹಳಿಯ ಸಂಸ್ಥೆಯೋ ರೈಲು ಓಡಿಸುವ ಕಂಪನಿಯೋ, ಯಾರು ಹೊಣೆ ಎಂದು ದಾಖಲಿಸಿ, ಅದರ ಮೇಲೆ ಹಣ ಕೈಬದಲಾಗುತ್ತದೆ. ರೈಲಿಗೆ ಬಡಿದ ಫೆಸೆಂಟ್ ಎಂಬ ಕಾಡುಕೋಳಿ ಜಾತಿಯ ಹಕ್ಕಿ ದೊಡ್ಡದೋ ಚಿಕ್ಕದೋ ಎಂದೂ ವಾದ ನಡೆದಿದೆ. ಹಕ್ಕಿಯ ಗಾತ್ರದ ಮೇಲೆ ಹೊಣೆ ಬದಲಾಗುತ್ತಿತ್ತು. ಜಗಳಕ್ಕೆ ಖರ್ಚಾದ ಆ ಶ್ರಮದಿಂದ ಒಂದು ರೈಲೂ ಬೇಗ ಓಡಲಿಲ್ಲ.

ನಮ್ಮಲ್ಲಿ ರೈಲು ತಡವಾಗುವುದು ಹೆಚ್ಚಾಗಿ ಹಳಿಯ ಕಾರಣಕ್ಕೆ. ಶ್ರವಣಬೆಳಗೊಳದ ಮಾರ್ಗವೂ ಒಂಟಿ ಹಳಿ, ಸಕಲೇಶಪುರದ ಘಾಟಿಯೂ ಒಂಟಿ ಹಳಿ. ಎದುರಿನ ಗಾಡಿ ಬರುವವರೆಗೆ ಕ್ರಾಸಿಂಗ್‌ಗೆಂದು ನಿಲ್ಲಿಸಲೇಬೇಕು. ಮಳೆಗಾಲದಲ್ಲಿ ಯಡಕುಮೇರಿ ಕಡೆ ಗುಡ್ಡ ಜರಿದರಂತೂ ಸಂಚಾರವೇ ಬಂದ್. ಓಡಿಸುವವರು ಬದಲಾದರೆ ಇದರಲ್ಲಿ ಯಾವುದೂ ಬದಲಾಗದು.

ಬ್ರಿಟನ್ನಿನಿಂದ ತರಬೇಕಾದ್ದು ‘ಡಿಲೇ ರಿಪೇ’. ಅಲ್ಲಿ ಹಲವು ಕಂಪನಿಗಳಲ್ಲಿ ಗುರಿ ಮುಟ್ಟಲು 15 ನಿಮಿಷ ತಡವಾದರೆ ಒಂದು ಕಡೆಯ ದರದ ಶೇ 25, 30 ನಿಮಿಷಕ್ಕೆ ಶೇ 50, ಒಂದು ಗಂಟೆಗೆ ಪೂರ್ತಿ ಹಣ ವಾಪಸ್. ಎರಡು ಗಂಟೆ ಮೀರಿದರೆ ಹೋಗಿಬರುವ ಟಿಕೆಟ್ಟಿನ ಅಷ್ಟೂ ದುಡ್ಡು. ಕಾರಣ ಹಳಿಯದೋ ಗಾಡಿಯದೋ ಎಂದು ಪ್ರಯಾಣಿಕ ಸಾಬೀತು ಮಾಡಬೇಕಿಲ್ಲ. ಮೊದಲ ಗಾಡಿ ತಡವಾಗಿ ಮುಂದಿನ ಗಾಡಿ ತಪ್ಪಿದರೆ ಒಟ್ಟು ಪ್ರಯಾಣದ ತಡವೇ ಲೆಕ್ಕ. 28 ದಿನದೊಳಗೆ ಅರ್ಜಿ ಹಾಕಬೇಕು.

ನಮ್ಮಲ್ಲಿ ಗಾಡಿ ಮೂರು ಗಂಟೆಗೂ ಹೆಚ್ಚು ತಡವಾಗಿ, ನಾವು ಹತ್ತದೇ ಇದ್ದರೆ ಮಾತ್ರ ಪೂರ್ತಿ ಹಣ ವಾಪಸ್. ಅದಕ್ಕೂ ಗಾಡಿ ಹೊರಡುವ ಮೊದಲೇ ಟಿಡಿಆರ್ (ಹಣ ವಾಪಸ್ ಕೇಳುವ ಅರ್ಜಿ) ಹಾಕಿರಬೇಕು. ಹತ್ತಿ ಕೂತು ನಾಲ್ಕು ಗಂಟೆ ತಡವಾಗಿ ಇಳಿದವರಿಗೆ ಏನೂ ಇಲ್ಲ. ಐಆರ್‌ಸಿಟಿಸಿ ತನ್ನ ತೇಜಸ್ ರೈಲಿನಲ್ಲಿ ಒಂದು ಗಂಟೆ ಮೀರಿದರೆ 100 ರೂಪಾಯಿ, ಎರಡು ಗಂಟೆ ಮೀರಿದರೆ 250 ರೂಪಾಯಿ ಎಂದು 2019ರಲ್ಲೇ ಘೋಷಿಸಿತ್ತು. ಅಂದಮೇಲೆ ಇದು ನಮ್ಮಿಂದಾಗದ ಕೆಲಸವಲ್ಲ. ಗಾಡಿ ಎಷ್ಟು ಹೊತ್ತಿಗೆ ಎಲ್ಲಿ ಮುಟ್ಟಿತು ಎಂಬುದು ರೈಲ್ವೆಯ ಕಂಪ್ಯೂಟರಿನಲ್ಲಿ ಹೇಗೂ ಇರುತ್ತದೆ. ಆನ್‌ಲೈನ್ ಟಿಕೆಟ್ ಪಡೆದವರಿಗೆ, ದುಡ್ಡು ಬಂದ ಖಾತೆಗೇ ಅರ್ಜಿಯಿಲ್ಲದೆ ಹಣ ಮರಳಿಸಬಹುದು.

ಉಳಿಯುವ ತೊಡಕು ಜನರಲ್ ಟಿಕೆಟ್ಟಿನದು, ಅದರಲ್ಲಿ ಗಾಡಿಯ ಹೆಸರಿರುವುದಿಲ್ಲ. ಬ್ರಿಟನ್ನಿನಲ್ಲೂ ಯಾವ ಗಾಡಿಗಾದರೂ ಆಗುವ ಟಿಕೆಟ್ಟುಗಳಿವೆ. ಅರ್ಜಿದಾರ ತಾನು ಹೋಗಬೇಕಿದ್ದ ಗಾಡಿಯನ್ನು ನಮೂದಿಸಿ ಟಿಕೆಟ್ಟಿನ ಫೋಟೊ ಲಗತ್ತಿಸುತ್ತಾನೆ. ನಮ್ಮ ಜನರಲ್ ಟಿಕೆಟ್ಟಿನ ಮೇಲೆ ಕೊಂಡ ಸಮಯ ಅಚ್ಚಾಗಿರುವುದರಿಂದ ತಾಳೆ ನೋಡುವುದು ಕಷ್ಟವಲ್ಲ. ನಮ್ಮ ಸಂಸದರು ಇದನ್ನು ರೈಲ್ವೆ ಸಚಿವರ ಮುಂದಿಟ್ಟು, ಮೊದಲು ಹಾಸನ–ಬೆಂಗಳೂರು ಮತ್ತು ಚಿಕ್ಕಮಗಳೂರು–ಕಡೂರು ಮಾರ್ಗಗಳಲ್ಲಿ ಪ್ರಾಯೋಗಿಕವಾಗಿ ಜಾರಿ ಮಾಡಿಸಬೇಕು.

– ಒಬ್ಬ ರೈಲು ಪ್ರಯಾಣಿಕ, ಹಾಸನ